ಗೋಡೆಯ ಮೇಲಿನ ಸೈಕಲ್ಲು

ಮಲೇಷ್ಯಕ್ಕೆ ಸೇರಿದ ಪಿನಾಂಗ್ ದ್ವೀಪದಲ್ಲಿ ಜಾರ್ಜ್‌ಟೌನ್ ಎಂಬುದೊಂದು ಹಳೆಯ ಬಂದರು ಪಟ್ಟಣ. ಅಲ್ಲಿಯ ಆರ್ಮೀನಿಯನ್ ಬೀದಿಯಲ್ಲಿ, ಮಾಸಿದ ಗೋಡೆಯೊಂದರ ಮುಂದೆ ಬೆಳಗಾದರೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಒಳಗೆ ದೇವರಿಲ್ಲ, ಅಕ್ಕಿ ಅಳೆದುಕೊಡುವವರೂ ಇಲ್ಲ. ಗೋಡೆಗೆ ಒಂದು ನಿಜವಾದ ಹಳೆಯ ಸೈಕಲ್ಲನ್ನು ಬಿಗಿದಿದ್ದಾರೆ. ಅದರ ಮೇಲೆ ಬಣ್ಣದ ಮಕ್ಕಳಿಬ್ಬರು ಕುಳಿತಿದ್ದಾರೆ. ಮುಂದೆ ಕುಳಿತ ಅಕ್ಕ ನಗುತ್ತಿದ್ದಾಳೆ; ಅವಳನ್ನು ಹಿಂದಿನಿಂದ ಅಪ್ಪಿಕೊಂಡ ತಮ್ಮ ಬಾಯಿ ತೆರೆದು ಕೂಗುತ್ತಿದ್ದಾನೆ. ಆ ಕೂಗು ಭಯದ್ದೋ ಹಿಗ್ಗಿನದ್ದೋ ಎಂಬುದನ್ನು ನೋಡುವವರೇ ತಂತಮ್ಮ ಬಾಲ್ಯದಿಂದ ನಿರ್ಧರಿಸಿಕೊಳ್ಳಬೇಕು.

ಲಿಥುವೇನಿಯದಲ್ಲಿ ಹುಟ್ಟಿದ ಅರ್ನೆಸ್ಟ್ ಜಕಾರೆವಿಚ್ ಎಂಬ ಕಲಾವಿದ 2012ರಲ್ಲಿ, ಪಟ್ಟಣದ ಉತ್ಸವದ ಸಂದರ್ಭದಲ್ಲಿ ನಿಜವಾದ ಮಕ್ಕಳನ್ನೇ ಮಾದರಿಯಾಗಿಟ್ಟುಕೊಂಡು ಬರೆದ ಚಿತ್ರವಿದು. ಪಟ್ಟಣವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ ಆಗ ನಾಲ್ಕು ವರ್ಷಗಳಾಗಿದ್ದವು. ಇದೇ ಬೀದಿಯ 120ನೆಯ ಸಂಖ್ಯೆಯ ಮನೆಯಲ್ಲಿದ್ದುಕೊಂಡೇ 1910ರಲ್ಲಿ ಸನ್ ಯಾಟ್ ಸೆನ್ ಚೀನಾದ ಕ್ರಾಂತಿಗೆ ಸಿದ್ಧತೆ ನಡೆಸಿದ್ದ. ಆದರೇನು! ಕ್ರಾಂತಿಯ ಬಾಗಿಲಲ್ಲಿ ಸೈಕಲ್ಲಿನ ಮುಂದಿರುವಷ್ಟು ನೂಕುನುಗ್ಗಲಿಲ್ಲ.

ಈ ಬೀದಿಗೆ ಹೆಸರು ಬಂದ ಬಗೆಯೂ ವಿಚಿತ್ರ. ವ್ಯಾಪಾರಕ್ಕೆಂದು ಬಂದ ಆರ್ಮೀನಿಯನ್ನರು ಸ್ವಲ್ಪ ಕಾಲ ಇಲ್ಲಿದ್ದು, ನಕ್ಷೆಯಲ್ಲಿ ತಮ್ಮ ಹೆಸರನ್ನು ಬಿಟ್ಟು ಹೋದರು. ಅನಂತರ ನೆಲೆಸಿದ ಚೀನೀಯರ ಬಾಯಲ್ಲಿ ಇದು ತಾಮ್ರ ಬಡಿಯುವವರ ಬೀದಿಯಾಯಿತು. ನಮ್ಮ ಬೆಂಗಳೂರಿನ ಗಾಣಿಗರಪೇಟೆ, ಕುಂಬಾರಪೇಟೆಗಳ ಹಾಗೆ. ಸುತ್ತಿಗೆಯ ಸದ್ದು ನಿಂತುಹೋಯಿತು. ಹೆಸರು ಮಾತ್ರ ಉಳಿಯಿತು.

ಮನೆಗಳ ರಚನೆ ಕೆಳಗೆ ಅಂಗಡಿ, ಮೇಲೆ ಸಂಸಾರ. ಮುಖ ಕಿರಿದು, ಒಡಲು ಉದ್ದ. ನಡುವೆ ಗಾಳಿ ಬೆಳಕಿಗೆಂದು ತೆರೆದ ತೊಟ್ಟಿ. ಬೀದಿಯ ಉದ್ದಕ್ಕೂ ಮನೆಗಳ ಮುಂದೆ ಐದಡಿಯ ನೆರಳು ದಾರಿ. ಅದು ನಡೆಯುವವರ ದಾರಿ, ಕುಳಿತು ಹರಟುವವರ ಜಗಲಿ, ಮಕ್ಕಳ ಆಟದ ಬಯಲು, ಮೂರೂ ಹೌದು. ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ನೆಲದ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುವುದು ಅವುಗಳ ಸ್ವಭಾವ. ಅಂಥ ಗೋಡೆಯ ಮೇಲೆ ಬಣ್ಣ ಬಹುಕಾಲ ಬಾಳುವುದಿಲ್ಲ. ಸಾಲದುದಕ್ಕೆ, ಬಂದವರೆಲ್ಲ ಮಕ್ಕಳ ಮೈದಡವದೆ ಹೋಗುವುದಿಲ್ಲ. ಪ್ರೀತಿಯೂ ಸವೆಸುತ್ತದೆ.

ಈ ಮನೆಗಳಲ್ಲಿದ್ದವರು ಬಹುಮಟ್ಟಿಗೆ ಬಾಡಿಗೆಯವರು. 1948ಕ್ಕಿಂತ ಹಿಂದೆ ಕಟ್ಟಿದ ಮನೆಗಳ ಬಾಡಿಗೆಯನ್ನು ಏರಿಸದಂತೆ 1966ರ ಶಾಸನ ತಡೆದು ನಿಲ್ಲಿಸಿತ್ತು. ಬಾಡಿಗೆ ಏರದಿದ್ದರಿಂದ ಒಡೆಯರು ಮಾಡು ರಿಪೇರಿ ಮಾಡಿಸಲಿಲ್ಲ. ಮಾಡು ಸೋರಿದರೂ ಬಾಡಿಗೆಯವರು ಬಿಟ್ಟುಹೋಗಲಿಲ್ಲ. ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಅದೇ ಬಾಗಿಲು, ಅದೇ ನೆರೆಹೊರೆ. ಕಟ್ಟಡಗಳನ್ನು ಕೆಡಹದಂತೆ ಉಳಿಸಿದ್ದು ಒಂದರ್ಥದಲ್ಲಿ ಈ ಬಡತನವೇ. 1997ರಲ್ಲಿ ಶಾಸನವನ್ನು ರದ್ದುಪಡಿಸಿದರು; 2000ದ ಜನವರಿಯಿಂದ ಒಡೆಯರ ಕೈ ಬಿಚ್ಚಿತು. ಬಾಡಿಗೆ ಏರಿತು, ಎಷ್ಟೋ ಸಂಸಾರಗಳು ಪಾತ್ರೆಪಗಡಗಳನ್ನು ಕಟ್ಟಿಕೊಂಡು ಊರಾಚೆಯ ಬಹುಮಹಡಿ ಮನೆಗಳಿಗೆ ಸಾಗಿದವು. ಬೀದಿಗೆ ಕೀರ್ತಿ ಬಂದ ಮೇಲೆ ಉಳಿದ ಮನೆಗಳೂ ಒಂದೊಂದಾಗಿ ಕಾಫಿಯಂಗಡಿ, ವಸತಿಗೃಹ, ನೆನಪಿನ ಸಾಮಾನುಗಳ ಮಳಿಗೆಗಳಾದವು. ಆ ಅಕ್ಕ ತಮ್ಮಂದಿರು ಈಗ ಅಂಗಿಯ ಮೇಲೂ ಇದ್ದಾರೆ, ಚೀಲದ ಮೇಲೂ ಇದ್ದಾರೆ.

ಇದರಲ್ಲಿ ಕಲಾವಿದನ ತಪ್ಪನ್ನು ಹುಡುಕುವುದು ಅನ್ಯಾಯ. ಆತ ಕುಂಚವನ್ನೆತ್ತುವ ಎಷ್ಟೋ ವರ್ಷ ಮೊದಲೇ ಗಂಟುಮೂಟೆಗಳು ಹೊರಟಿದ್ದವು. ಸೈಕಲ್ ತುಳಿಯುವ ಮಕ್ಕಳನ್ನು ಬರೆಯಲು ಆ ಬೀದಿಗಿಂತ ತಕ್ಕ ಸ್ಥಳವೂ ಇರಲಿಲ್ಲ. ಆದರೂ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಒಂದು ಪ್ರಶ್ನೆ ಕಾಡದಿರದು: ಈ ಅಕ್ಕ ತಮ್ಮಂದಿರು ಆಟ ಮುಗಿಸಿ, ಕತ್ತಲಾದ ಮೇಲೆ ಯಾವ ಮನೆಗೆ ಹೋಗುತ್ತಾರೆ?

ಐದಡಿಯ ದಾರಿಯಲ್ಲಿ ಆಡಿ ಬೆಳೆದ ಯಾವ ಅಜ್ಜಿಯಾದರೂ ಇಂದು ಮೊಮ್ಮಗನ ಕೈಹಿಡಿದು ಅಲ್ಲಿಗೆ ಬಂದಳೆನ್ನಿ. ಹುಡುಗ ಸೈಕಲ್ಲಿನ ಮೇಲೆ ಕೂರುತ್ತೇನೆಂದು ಹಟ ಹಿಡಿದಾನು. ಕ್ಯಾಮರಾ ಹಿಡಿದವರು ಹತ್ತಾರು ಮಂದಿ ಮುಂದಿರುತ್ತಾರೆ. ತಾನು ಹುಟ್ಟಿದ ಬೀದಿಯಲ್ಲಿ ಅಜ್ಜಿಯೂ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು.