ಎತ್ತಿಟ್ಟ ಚೀಲ

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಹಳೇನಗರದಲ್ಲಿ. ನಮ್ಮ ತಂದೆಯವರಿಗೆ ಅಲ್ಲಿ ಒಂದು ಚಿಕ್ಕ ಕಿರಾಣಿ ಅಂಗಡಿಯಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವೆರಡರ ಕಾರ್ಮಿಕ ಕುಟುಂಬಗಳೇ ಊರಿನ ವ್ಯಾಪಾರಕ್ಕೆ ಜೀವಾಳವಾಗಿದ್ದ ಕಾಲವದು. ಸಂಬಳದ ದಿನ ಅಂಗಡಿಯ ಮುಂದೆ ನಿಲ್ಲಲು ಸ್ಥಳವಿರುತ್ತಿರಲಿಲ್ಲ. ತಿಂಗಳ ಕೊನೆಯ ವಾರ ತಕ್ಕಡಿಗೆ ಕೆಲಸವಿರುತ್ತಿರಲಿಲ್ಲ. ಆ ಕೊನೆಯ ವಾರಗಳಲ್ಲಿ ತಂದೆಯವರು ನಡೆದುಕೊಳ್ಳುತ್ತಿದ್ದ ಒಂದು ರೀತಿಯನ್ನು ನಾನು ಬಾಲ್ಯದಲ್ಲೇ ಕಂಡಿದ್ದೆ. ಅದರ ಅರ್ಥ ತಿಳಿಯಲು ಮಾತ್ರ ನನಗೆ ಐವತ್ತು ವರ್ಷ ಬೇಕಾಯಿತು.

ಬೇಳೆ, ಬೆಲ್ಲ, ಎಣ್ಣೆ ಎಂದು ಎಲ್ಲವನ್ನೂ ಕಟ್ಟಿಸಿಕೊಂಡ ಮೇಲೆ ಕೆಲವರು ಜೇಬು ಮುಟ್ಟಿ ನೋಡಿಕೊಂಡು, "ಈಗ ಬಂದೆ" ಎಂದು ಹೊರಟುಬಿಡುತ್ತಿದ್ದರು. ಆ ದಿನ ಮತ್ತೆ ಬರುತ್ತಿರಲಿಲ್ಲ. ತಂದೆಯವರು ಚೀಲವನ್ನು ಬಿಚ್ಚದೆ ಒಳಗಿನ ಹಲಗೆಯ ಮೇಲೆ ಎತ್ತಿಡುತ್ತಿದ್ದರು. ಮರುದಿನ ಅವರು ಬೀದಿಯಲ್ಲಿ ಒಬ್ಬರೇ ಎದುರಾದರೆ, "ಎತ್ತಿಟ್ಟಿದ್ದೀನಿ ಸ್ವಾಮಿ, ಅವಸರವೇನಿಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದರು. ಹೆಂಡತಿ ಮಕ್ಕಳು ಜೊತೆಗಿದ್ದರೆ ಆ ಮಾತನ್ನೇ ಎತ್ತುತ್ತಿರಲಿಲ್ಲ. ಒಬ್ಬರಿಗೇ ಎರಡನೆಯ ಸಲ ಹೇಳಿದ್ದನ್ನಂತೂ ನಾನು ಕಂಡಿಲ್ಲ.

ಈಗ ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. 2020ರ ಲಾಕ್‌ಡೌನ್ ಸಮಯದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಮಗಳು, ಮರುವರ್ಷ ಮನೆಯಲ್ಲಿಯೇ ಒಂದು ಆನ್‌ಲೈನ್ ಅಂಗಡಿಯನ್ನು ತೆರೆದಳು. ಹುಚ್ಚೆಳ್ಳು ಪುಡಿ, ಶೇಂಗಾ ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಣಂತಿಯರಿಗೆ ಅಂಟಿನುಂಡೆ, ಇವೇ ನಮ್ಮ ಸರಕು. ಹುರಿಯುವುದು, ಕುಟ್ಟುವುದು ನನ್ನ ಪಾಲಿಗೆ. ಕಂಪ್ಯೂಟರಿನ ವ್ಯವಹಾರ ಅವಳ ಪಾಲಿಗೆ. ಮನೆಯ ಬಾಡಿಗೆ, ನನ್ನ ಔಷಧಿ ಎಲ್ಲವೂ ಈ ಅಂಗಡಿಯಿಂದಲೇ ನಡೆಯಬೇಕು. ಆದುದರಿಂದ ಬಂದ ಗಿರಾಕಿ ಬರಿಗೈಯಲ್ಲಿ ಹಿಂದಿರುಗಿದರೆ ನಮಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಇಂತಹ ಅಂಗಡಿಯಲ್ಲಿ ಗಿರಾಕಿಗಳು ಬೇಕಾದ ಪದಾರ್ಥಗಳನ್ನು ಮೊದಲು 'ಕಾರ್ಟ್' ಎಂಬ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಬಳಿಕ ವಿಳಾಸ ತುಂಬಿ ಹಣ ಕಟ್ಟುತ್ತಾರೆ. ಅನೇಕರು ಹಣ ಕಟ್ಟುವ ಹೊತ್ತಿಗೆ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಡೆನ್ಮಾರ್ಕಿನ ಬೇಮಾರ್ಡ್ ಎಂಬ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕದಂತೆ, 100 ಬುಟ್ಟಿಗಳಲ್ಲಿ ಸುಮಾರು 70 ಹೀಗೆ ಉಳಿದುಹೋಗುತ್ತವೆ. ಹಾಗೆ ಬಿಟ್ಟವರು ಇ-ಮೇಲ್ ವಿಳಾಸವನ್ನು ತುಂಬಿದ್ದರೆ, ಅಂಗಡಿಯ ತಂತ್ರಾಂಶವು ಗೊತ್ತುಮಾಡಿದ ಹೊತ್ತಿಗೆ ತಾನಾಗಿಯೇ ಅವರಿಗೆ ಒಂದು ನೆನಪಿನ ಪತ್ರವನ್ನು ಕಳುಹಿಸುತ್ತದೆ. ಆರಿಸಿದ್ದ ಪದಾರ್ಥಗಳ ಪಟ್ಟಿ, ಚಿತ್ರ, ಬುಟ್ಟಿಗೆ ಮರಳುವ ದಾರಿ ಎಲ್ಲವೂ ಅದರಲ್ಲಿರುತ್ತವೆ.

ಮಗಳು ಇಂತಹ ಮೂರು ಪತ್ರಗಳನ್ನು ಏರ್ಪಡಿಸಿದಳು. ಒಂದು ಗಂಟೆಯ ಬಳಿಕ ಮೊದಲನೆಯದು. ಮರುದಿನ, ಶೇಕಡಾ 10 ರಿಯಾಯಿತಿಯೊಡನೆ ಎರಡನೆಯದು. ಮೂರನೆಯ ದಿನ, 'ಇನ್ನು ಕೆಲವೇ ಗಂಟೆ ಮಾತ್ರ!' ಎಂಬ ಕೆಂಪು ಅಕ್ಷರಗಳೊಡನೆ ಕೊನೆಯದು. ಕೆಲವರು ಮರಳಿ ಬಂದು ಕೊಂಡರು. ನನಗೂ ಸಂತೋಷವಾಯಿತು, ಸುಳ್ಳು ಹೇಳಲಾರೆ.

ಹೀಗಿರುವಾಗ ಒಂದು ಮಧ್ಯಾಹ್ನ ಭದ್ರಾವತಿಯಿಂದ ಹಿರಿಯ ತಾಯಿಯೊಬ್ಬರ ಫೋನ್ ಬಂದಿತು. ಬಾಣಂತಿ ಮಗಳಿಗೆ ಅಂಟಿನುಂಡೆ ಕಳುಹಿಸಬೇಕೆಂದು, ತಮ್ಮ ಪಿಂಚಣಿಯ ಹಣದಲ್ಲಿ, ಮಗನ ಹಳೆಯ ಫೋನಿನಿಂದ ಅವರು ನಮ್ಮ ಅಂಗಡಿಯನ್ನು ನೋಡಿದ್ದರು. ಇ-ಮೇಲ್ ವಿಳಾಸದ ಜಾಗದಲ್ಲಿ ಫೋನು ತಾನಾಗಿಯೇ ಮಗನ ವಿಳಾಸವನ್ನು ತುಂಬಿತ್ತು. ಕೊನೆಯ ಪುಟದಲ್ಲಿ ಅಂಚೆವೆಚ್ಚ ಸೇರಿ ಮೊತ್ತ ಏರಿದ್ದನ್ನು ಕಂಡು, ಒಟಿಪಿಯೂ ಮಗನ ಫೋನಿಗೇ ಹೋಗುವುದೆಂದು ತಿಳಿದು, ಅವರು ಮುಚ್ಚಿಬಿಟ್ಟಿದ್ದರು. ನಮ್ಮ ಮೂರು ಪತ್ರಗಳೂ ಮಗನಿಗೆ ತಲುಪಿದವು. ಕೆಂಪು ಅಕ್ಷರದ ಪತ್ರವನ್ನು ಅವನು ಮನೆಗೆ ಬಂದಿದ್ದ ನೆಂಟರ ಎದುರಿನಲ್ಲಿಯೇ ಓದಿ, "ನನ್ನನ್ನು ಕೇಳಿದ್ದರೆ ಕೊಡಿಸುತ್ತಿರಲಿಲ್ಲವೇ? ಕದ್ದು ಕಳುಹಿಸುವಷ್ಟು ನಾನು ಬೇಡವಾದೆನೇ?" ಎಂದು ಕೇಳಿದನಂತೆ.

ಆ ತಾಯಿ ನಮ್ಮ ಮೇಲೆ ಕೂಗಾಡಲಿಲ್ಲ. "ನಾನು ಅಂಗಡಿಗೆ ಬಂದು ಸುಮ್ಮನೆ ನೋಡಿಕೊಂಡು ಹೋದೆ ಕಣಮ್ಮ. ನೀವು ನಮ್ಮ ಮನೆ ಬಾಗಿಲಿಗೆ ಬಂದು ಕೂಗಿ ಹೇಳಿಬಿಟ್ಟಿರಿ" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಲಗೆಯ ಮೇಲಿನ ಚೀಲ ಕಣ್ಣ ಮುಂದೆ ಬಂದು ನಿಂತಿತು. ತಂದೆಯವರಿಗೂ ಆ ಹಣ ಬೇಕಾಗಿಯೇ ಇತ್ತು. ನಮ್ಮ ಮನೆಯೂ ಅದರಿಂದಲೇ ನಡೆಯಬೇಕಾಗಿತ್ತು. ಆದರೂ ಕೊಳ್ಳದೆ ಹೋದವನಿಗೆ ಒಂದು ಕಾರಣವಿದೆ, ಅದು ಅವನ ಮನೆಯ ಗುಟ್ಟು, ಅದನ್ನು ಬಯಲಿಗೆಳೆಯುವ ಹಕ್ಕು ಅಂಗಡಿಯವನಿಗಿಲ್ಲ ಎಂದು ಅವರು ಅರಿತಿದ್ದರು. ಆ ಅರಿವು ತಂತ್ರಾಂಶಕ್ಕೆ ಇರಲಾರದು. ಅದನ್ನು ನಡೆಸುವ ನಮಗೆ ಇರಬೇಕಾಗಿತ್ತು. ಕಾಯಕವೆಂದು ಹೇಳಿಕೊಳ್ಳುವ ದುಡಿಮೆಯಲ್ಲಿ ಗಳಿಕೆಯಷ್ಟೇ ನಡತೆಯನ್ನೂ ನೋಡಬೇಕಲ್ಲವೇ?

ಬೆಳಿಗ್ಗೆ ಮಗಳೊಡನೆ ಕುಳಿತು ಮಾತನಾಡಿದೆ. "ಎಲ್ಲ ಅಂಗಡಿಗಳವರೂ ಹೀಗೇ ಮಾಡ್ತಾರೆ ಅಮ್ಮ" ಎಂದು ಮೊದಲು ಅವಳು ವಾದಿಸಿದಳು. ಆಮೇಲೆ ತಾನೇ ಓದಿ ತಿಳಿದು, ನನಗೂ ಹೇಳಿದಳು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ರೀತಿಗಳನ್ನು ಹೆಸರಿಸಿ ನಿಷೇಧಿಸಿದೆ. ಇಲ್ಲದ ಅವಸರವನ್ನು ಹುಟ್ಟಿಸುವುದು, ಬೇಡವೆಂದವರನ್ನು ನಾಚಿಸುವುದು, ಬೆಲೆಯನ್ನು ಮುಚ್ಚಿಟ್ಟು ಕೊನೆಯಲ್ಲಿ ಏರಿಸುವುದು, ಬಿಡದೆ ಪೀಡಿಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಜನರ ಮಾಹಿತಿಯನ್ನು ಬಳಸಲು ಅವರ ಒಪ್ಪಿಗೆಯನ್ನು ಮುಖ್ಯ ಆಧಾರವನ್ನಾಗಿ ಮಾಡಿದೆ. ನಮ್ಮ ಕೆಂಪು ಅಕ್ಷರಗಳನ್ನು ನೆನೆದು ಇಬ್ಬರಿಗೂ ನಾಚಿಕೆಯಾಯಿತು. ಉಂಡೆಗಳೇನೂ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುವಂತಿರಲಿಲ್ಲ.

ಮೊದಲು ನಮ್ಮದೇ ತಪ್ಪನ್ನು ತಿದ್ದಿಕೊಂಡೆವು. ಜನರು ಬುಟ್ಟಿಯನ್ನು ಬಿಟ್ಟುಹೋಗಲು ಕೊನೆಯಲ್ಲಿ ಸೇರುವ ಸಾಗಣೆ ಮುಂತಾದ ವೆಚ್ಚಗಳೇ ದೊಡ್ಡ ಕಾರಣವೆಂದು ಬೇಮಾರ್ಡ್ ಸಂಸ್ಥೆಯವರೂ ಹೇಳುತ್ತಾರೆ. ಅಂಚೆವೆಚ್ಚವನ್ನು ಪದಾರ್ಥದ ಬೆಲೆಯ ಪಕ್ಕದಲ್ಲಿಯೇ ನಮೂದಿಸಿದೆವು. ರಿಯಾಯಿತಿಯ ಆಮಿಷವನ್ನು ನಿಲ್ಲಿಸಿದೆವು. ಅದರ ರುಚಿ ಕಂಡವರು ಬೇಕೆಂದೇ ಬುಟ್ಟಿಯನ್ನು ಬಿಟ್ಟು ಪತ್ರಕ್ಕಾಗಿ ಕಾಯತೊಡಗಿದ್ದರು. ನೇರವಾಗಿ ಹಣ ಕಟ್ಟಿದ ಪ್ರಾಮಾಣಿಕರಿಗೆ ಅದರಿಂದ ಅನ್ಯಾಯವಾಗುತ್ತಿತ್ತು. 'ಆರ್ಡರ್ ಪೂರ್ಣವಾಗದಿದ್ದರೆ ನೆನಪಿನ ಪತ್ರ ಕಳುಹಿಸಬಹುದೇ?' ಎಂಬ ಪ್ರಶ್ನೆಯನ್ನು ಸೇರಿಸಿ, ಒಪ್ಪಿಗೆಯ ಚೌಕವನ್ನು ಖಾಲಿ ಬಿಟ್ಟೆವು. ಅವರಾಗಿಯೇ ಗುರುತು ಹಾಕಿದರೆ ಮಾತ್ರ ಮರುದಿನ ಒಂದೇ ಒಂದು ಪತ್ರ ಹೋಗುತ್ತದೆ. ಅದರಲ್ಲಿ ಪದಾರ್ಥದ ಹೆಸರೂ ಇಲ್ಲ, ಚಿತ್ರವೂ ಇಲ್ಲ. ಆ ಪತ್ರವನ್ನು ನಾನೇ ಬರೆದೆ:

"ನಮಸ್ಕಾರ. ನಮ್ಮ ಅಂಗಡಿಯಲ್ಲಿ ಆರಂಭಿಸಿದ ಆರ್ಡರ್ ಒಂದು ಪೂರ್ಣವಾಗಿಲ್ಲ. ಅದನ್ನು ಎತ್ತಿಟ್ಟಿದ್ದೇವೆ, ಅವಸರವಿಲ್ಲ. ಬೇಡವೆನಿಸಿದ್ದರೆ ಏನನ್ನೂ ಮಾಡಬೇಕಾಗಿಲ್ಲ. ಈ ವಿಷಯವಾಗಿ ಮತ್ತೆ ಬರೆಯುವುದಿಲ್ಲ. ಹಣ ಕಟ್ಟುವಲ್ಲಿ ತೊಡಕಾಗಿದ್ದರೆ ಫೋನ್ ಮಾಡಿರಿ, ಇಲ್ಲವೇ ಈ ಪತ್ರಕ್ಕೇ ಉತ್ತರ ಬರೆಯಿರಿ."

ಇದರಿಂದ ವ್ಯಾಪಾರ ಇಮ್ಮಡಿಯಾಯಿತೆಂದರೆ ಸುಳ್ಳಾದೀತು. ಹೋಗುವ ಪತ್ರಗಳೇ ಕಡಿಮೆಯಾದವು. ಆದರೆ ಹಿಂದೆ ಒಂದೂ ಬರದಿದ್ದ ಉತ್ತರಗಳು ಈಗ ಬರುತ್ತಿವೆ. ಒಬ್ಬರು ಕಾರ್ಡು ಕೈಕೊಟ್ಟಿತೆಂದು ಬರೆದರು. ಇನ್ನೊಬ್ಬರು ಉಪ್ಪು ಕಡಿಮೆ ಹಾಕಿ ಕೊಡುವಿರಾ ಎಂದು ವಿಚಾರಿಸಿದರು. ಮತ್ತೊಬ್ಬರು, "ಈ ತಿಂಗಳು ಆಗುವುದಿಲ್ಲ, ಮುಂದಿನ ತಿಂಗಳು ನೋಡೋಣ" ಎಂದರು. ಆ ಕೊನೆಯ ಉತ್ತರವನ್ನು ಓದಿದಾಗ ನನಗೆ ಹಳೇನಗರದ ಅಂಗಡಿಯ ಕಟ್ಟೆಯ ಮೇಲೆ ಕುಳಿತಂತಾಯಿತು.

ಫೋನ್ ಬಂದ ಮರುವಾರವೇ ನಾನು ಅಂಟಿನುಂಡೆಯ ಪೊಟ್ಟಣವನ್ನು ಹಿಡಿದು ಬಸ್ಸಿನಲ್ಲಿ ಭದ್ರಾವತಿಗೆ ಹೋಗಿದ್ದೆ. ಆ ತಾಯಿ ಒಳಗೆ ಕರೆದು, ನೀರು ಕೊಟ್ಟು, ಕುಳ್ಳಿರಿಸಿದರು. ಉಡುಗೊರೆಯೆಂದು ಎಷ್ಟು ಹೇಳಿದರೂ ಒಪ್ಪದೆ, ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿಕೊಟ್ಟ ಮೇಲೆಯೇ ಪೊಟ್ಟಣವನ್ನು ತೆಗೆದುಕೊಂಡರು. ಮಗ ಪಕ್ಕದ ಕೋಣೆಯಲ್ಲಿದ್ದ, ಹೊರಗೆ ಬರಲಿಲ್ಲ. ಅವರಿಬ್ಬರ ನಡುವೆ ಮಾತು ಸರಿಹೋಯಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾವು ಕಳುಹಿಸಿದ ಪತ್ರವನ್ನು ಹಿಂದಕ್ಕೆ ಕರೆಸಿಕೊಳ್ಳುವ ಉಪಾಯ ಯಾವ ತಂತ್ರಾಂಶದಲ್ಲಿಯೂ ಇಲ್ಲ.

ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಇಂತಹ ಚಿಕ್ಕ ಅಂಗಡಿಗಳನ್ನು ನಡೆಸುತ್ತಿದ್ದಾರೆ. ಅವರಿಗೆ ನನ್ನದೊಂದು ಅರಿಕೆ: ನೆನಪಿಸಿರಿ, ತಪ್ಪಿಲ್ಲ, ಆದರೆ ಒಮ್ಮೆ ಮಾತ್ರ, ಮೆಲ್ಲಗೆ, ಅವರೊಬ್ಬರಿಗೇ ಕೇಳುವಂತೆ. ಚೀಲವನ್ನು ಎತ್ತಿಟ್ಟಿರಿ. ಬರುವವರು ತಮ್ಮ ಅನುಕೂಲ ನೋಡಿಕೊಂಡು ಬಂದಾರು.