ಹೆಬ್ಬೆರಳಿನ ಸಾಕ್ಷಿ

ಎರಡು ವರ್ಷದ ಹಿಂದೆ, ಬಕ್ರೀದ್ ಕಳೆದ ನಾಲ್ಕನೆಯ ರಾತ್ರಿ, ಬಲಗಾಲಿನ ಹೆಬ್ಬೆರಳಿನ ಬುಡಕ್ಕೆ ಕಾದ ಮೊಳೆ ಹೊಡೆದಂತಾಗಿ ಎಚ್ಚರವಾಯಿತು. ಹೊದಿಕೆ ತಗುಲಿದರೂ ಜೀವ ಹೋಗುವಂಥ ನೋವು. ಬೆಳಗ್ಗೆ ಫಜ್ರ್ ನಮಾಝಿಗೇನೋ ನಿಂತೆ. ಅತ್ತಹಿಯ್ಯಾತಿಗೆ ಕೂರುವಾಗ ಬಲಗಾಲಿನ ಬೆರಳುಗಳನ್ನು ಮಡಚಿ ನೆಲಕ್ಕೆ ಊರಬೇಕಲ್ಲ, ಅದಾಗಲಿಲ್ಲ. ಪೀಣ್ಯದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತ ಕಾಲು ಅಂದು ಕುರ್ಚಿ ಕೇಳಿತು. ಆಗ ನನಗೆ 43.

"ಕಲೇಜಿ ಸಾಕು ಅಂದೆ, ಕೇಳಿದ್ರಾ?" ಎಂದಳು ಮನೆಯವಳು. ಶೆಡ್ಡಿನಲ್ಲಿ ಗೌಡರು ನಕ್ಕರು: "ಏನ್ ಸಾಬ್ರೇ, ಹಬ್ಬ ಜೋರಾಯ್ತಾ?" ನಾನೂ ಅದನ್ನೇ ನಂಬಿದೆ. ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಕೊಟ್ಟ ನೋವಿನ ಮಾತ್ರೆ ನುಂಗಿ ರಾತ್ರಿ ಪಾಳಿಗೆ ಹೋದೆ. ಹೀಗೆ ಮೂರು ಬಾರಿ. ನಾಲ್ಕನೆಯ ಬಾರಿ ವೈದ್ಯರ ಬಳಿ ಹೋದಾಗ ಯೂರಿಕ್ ಆಸಿಡ್ 9.1, ರಕ್ತದೊತ್ತಡ 160/100.

ಆ ವೈದ್ಯರು ಮಾಂಸದ ಮಾತನ್ನು ಕೊನೆಗಿಟ್ಟು, ಮೊದಲು ಕೇಳಿದ್ದು ಎಷ್ಟು ನೀರು ಕುಡಿಯುತ್ತೀರಿ, ಎಷ್ಟು ಹೊತ್ತು ಮಲಗುತ್ತೀರಿ ಎಂದು. ನಾನು ತಬ್ಬಿಬ್ಬಾದೆ. ಮಷಿನ್ ಬಿಟ್ಟು ಪದೇಪದೇ ಶೌಚಾಲಯಕ್ಕೆ ಹೋಗಲಾಗದೆಂದು ನಾವು ನೀರನ್ನೇ ಕಡಿಮೆ ಕುಡಿಯುತ್ತೇವೆ. ರಾತ್ರಿ ಎರಡಕ್ಕೆ ಕಣ್ಣು ಎಳೆಯುವಾಗ ಕೋಲಾ ಬಾಟಲಿ. ದೇಹದ ಯೂರಿಕ್ ಆಸಿಡ್ಡಿನಲ್ಲಿ ಊಟದಿಂದ ಬರುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ನಮ್ಮದೇ ಜೀವಕೋಶಗಳ ಸವೆತದಿಂದ ಹುಟ್ಟುವುದು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಯಕೃತ್ತು ಅದನ್ನು ಅರಗಿಸುವಾಗಲೂ ಯೂರಿಕ್ ಆಸಿಡ್ ಬರುತ್ತದೆ. ಹೊರಹಾಕುವ ಕೆಲಸ ಹೆಚ್ಚಾಗಿ ಮೂತ್ರಪಿಂಡಗಳದ್ದು. ನಾನು ನುಂಗಿದ ನೋವಿನ ಮಾತ್ರೆಗಳು ಆ ಮೂತ್ರಪಿಂಡಗಳನ್ನೇ ದಣಿಸಿ, ಒತ್ತಡವನ್ನೂ ಏರಿಸುವಂಥವು!

ಕಲೇಜಿಗೆ ಪಾಲಿಲ್ಲವೆಂದಲ್ಲ, ಇದೆ. ಆದರೆ ಮೊಟ್ಟೆಯನ್ನೂ ಮುಟ್ಟದ ನಮ್ಮ ಕ್ವಾಲಿಟಿ ವಿಭಾಗದ ಹುಡುಗನ ಯೂರಿಕ್ ಆಸಿಡ್ಡೂ ಎಂಟು ದಾಟಿತ್ತು. ಅವನನ್ನು ಯಾರೂ ಹಬ್ಬದ ಬಗ್ಗೆ ಕೇಳಲಿಲ್ಲ. ವೈಟ್‌ಫೀಲ್ಡಿನಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿಯುವ ಅಕ್ಕನ ಮಗ ಇಪ್ಪತ್ತೊಂಬತ್ತಕ್ಕೇ ಒತ್ತಡದ ಮಾತ್ರೆ ಶುರು ಮಾಡಿದ್ದಾನೆ.

ಇವೆಲ್ಲ ಮುದುಕರ ಕಾಯಿಲೆ ಎಂದುಕೊಂಡಿದ್ದೆ. ಸೆರಗಿನ ದಾರ ಬಿಚ್ಚಿಕೊಳ್ಳದಿರಲೆಂದು ಕುಚ್ಚು ಕಟ್ಟುತ್ತಾರಲ್ಲ, ನಮ್ಮ ವರ್ಣತಂತುಗಳ ತುದಿಯಲ್ಲೂ ಅಂಥದ್ದೇ ಟೆಲೊಮಿಯರ್ ಎಂಬ ಕಟ್ಟು ಇದೆ. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದು ತುಸು ಸವೆಯುತ್ತದೆ. ಅದರ ಗುಟ್ಟು ಬಿಡಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತಿಬ್ಬರಿಗೆ 2009ರಲ್ಲಿ ನೊಬೆಲ್ ಬಂತು. ಅವರೂ ಎಲಿಸ್ಸಾ ಎಪೆಲ್ ಅವರೂ ಸೇರಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಮಾನಸಿಕ ಒತ್ತಡದಲ್ಲಿದ್ದ ತಾಯಂದಿರ ಟೆಲೊಮಿಯರ್‌ಗಳು ಹತ್ತು ವರ್ಷ ಹೆಚ್ಚು ವಯಸ್ಸಾದವರಷ್ಟು ಸವೆದಿದ್ದವು. ಅವರಲ್ಲಿ ಬಹಳ ಮಂದಿ ದೀರ್ಘಕಾಲದ ಕಾಯಿಲೆಯಿರುವ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಇದನ್ನು ಓದಿದಾಗ ನನಗೆ ನೆನಪಾದದ್ದು ಹಗಲು ಮನೆಗೆಲಸ, ರಾತ್ರಿ ನನ್ನ ಪಾಳಿಯ ಚಿಂತೆ ಎಂದು ಬದುಕುವ ನನ್ನಾಕೆ. ಅವಳ ರಕ್ತದೊತ್ತಡವನ್ನು ನಾವು ಅಳೆಸಿಯೇ ಇರಲಿಲ್ಲ.

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದಿದ್ದ ಅನುಚರರೊಬ್ಬರಿಗೆ, ದೇಹಕ್ಕೂ ಕಣ್ಣಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ತಿಳಿಹೇಳಿದ್ದನ್ನು ಖುತ್ಬಾದಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ಮಹಾ ಭಕ್ತರಿಗೆ ಹೇಳಿದ್ದೆಂದು ಸುಮ್ಮನಿದ್ದೆ. ಓವರ್‌ಟೈಮ್ ಮಾಡುವವನಿಗೆ ಅನ್ವಯಿಸುತ್ತದೆಂದು ಹೊಳೆದಿರಲೇ ಇಲ್ಲ.

ಹಗಲು ಪಾಳಿ ಕೇಳಿದೆ. ತಿಂಗಳಿಗೆ ಎರಡು ವಾರ ಸಿಕ್ಕಿತು, ಅಷ್ಟೇ. ಪೂರ್ತಿ ಬಿಟ್ಟರೆ ರಾತ್ರಿಯ ಭತ್ಯೆ ಹೋಗುತ್ತದೆ, ಮಗಳ ಕಾಲೇಜು ಫೀಸು ಅದರಲ್ಲೇ ನಡೆಯುವುದು. ಕೋಲಾ ಬಿಟ್ಟಿದ್ದೇನೆ. ಮಷಿನ್ ಪಕ್ಕ ನೀರಿನ ಬಾಟಲಿ ಇದೆ. ಎದ್ದು ಹೋದಾಗ ಸೂಪರ್‌ವೈಸರ್ ಗಡಿಯಾರ ನೋಡುತ್ತಾರೆ, ನೋಡಲಿ. ಮನೆಯವಳಿಗೂ ಒತ್ತಡ ಇರುವುದು ಗೊತ್ತಾಗಿ, ಈಗ ಇಬ್ಬರ ಮಾತ್ರೆಯೂ ಒಂದೇ ಡಬ್ಬಿಯಲ್ಲಿದೆ. ಮಸೀದಿಯಲ್ಲಿ ಕುರ್ಚಿ ಬಿಟ್ಟು ಮತ್ತೆ ಸಾಲಿನಲ್ಲಿ ಕೂರುತ್ತೇನೆ. ರಾತ್ರಿ ಪಾಳಿಯ ವಾರಗಳಲ್ಲಿ ಮಾತ್ರ, ಬೆರಳು ಮಡಚುವ ಮುನ್ನ ಒಂದು ಕ್ಷಣ ಹೆದರಿಕೆಯಾಗುತ್ತದೆ.