ಬೀಗ ಹಾಕಿದ ಉಡುಗೊರೆ

ನೆಟ್‌ವರ್ಕ್ ಅಂದರೆ ಏನು ಅಂತ ಬಣಕಲ್ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ. ತೋಟದ ದಾರಿ ಹಿಡಿದು ಎರಡು ತಿರುವು ಇಳಿದರೆ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ನಮ್ಮ ಮನೆ ಇರುವ ಇಳಿಜಾರಿನಲ್ಲಿ ಒಂದೇ ಕಂಪನಿಯ ಸಿಗ್ನಲ್ ಬರುತ್ತದೆ, ಅದೂ ಅಡುಗೆಮನೆಯ ಕಿಟಕಿಯ ಹತ್ತಿರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ, ಪಿಕಪ್ ಓಡಿಸುವ ಅಬ್ಬಾ ಎಲ್ಲಿದ್ದಾರೆ ಅಂತ ತಿಳಿಯದೆ ಅಮ್ಮಿ ರಾತ್ರಿಯೆಲ್ಲ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಯಾವ ಸಿಮ್ ಹಾಕಬೇಕು ಅಂತ ತೀರ್ಮಾನ ಮಾಡುವುದು ಗುಡ್ಡ.

ಹೋದ ವರ್ಷದವರೆಗೆ ನಮ್ಮ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇತ್ತು. ಬೆಳಿಗ್ಗೆ ಅದು ಅಬ್ಬಾ ಜೊತೆ ಹೋಗುತ್ತಿತ್ತು. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಗಿರಾಕಿಗಳು ಬ್ಲೌಸ್ ಡಿಸೈನ್ ಕಳಿಸುವುದು ವಾಟ್ಸಾಪ್‌ನಲ್ಲಿ, ದುಡ್ಡು ಹಾಕುವುದು ಯುಪಿಐನಲ್ಲಿ. ಅಮ್ಮಿ ಅದನ್ನು ನೋಡುವುದು ಅಬ್ಬಾ ಮನೆಗೆ ಬಂದ ಮೇಲೆ. ಅಷ್ಟರಲ್ಲಿ ಆರ್ಡರ್ ಬೇರೆ ಟೈಲರ್ ಕೈಗೆ ಹೋಗಿರುತ್ತಿತ್ತು. ನನ್ನ ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ಕೂಡ ಅಬ್ಬಾ ಜೇಬಿಗೇ ಬರುತ್ತಿತ್ತು.

ಆಗ ಅಮೆರಿಕದಲ್ಲಿರುವ ಫುಪ್ಪು ಮಗ ತಮ್ಮ ಹಳೆಯ ಫೋನನ್ನು ಊರಿಗೆ ಬರುವವರ ಕೈಯಲ್ಲಿ ಅಮ್ಮಿಗೆ ಅಂತ ಕಳಿಸಿಕೊಟ್ಟರು. ಒಂದು ಗೀರೂ ಇರಲಿಲ್ಲ. ಅಮ್ಮಿ ಅದಕ್ಕೆ ಹೊಲಿಗೆಯ ಉಳಿಕೆ ಬಟ್ಟೆಯಲ್ಲಿ ಚೀಲ ಹೊಲಿದರು. ನಾನು ಸಿಮ್ ಹಾಕಿದೆ. ಈ ಸಿಮ್ ಇದರಲ್ಲಿ ನಡೆಯುವುದಿಲ್ಲ ಅಂತ ಪರದೆ ಹೇಳಿತು. ಅಬ್ಬಾ ಸಿಮ್ ಹಾಕಿದರೂ ಅದೇ ಮಾತು. ಪೇಟೆಯ ಮೊಬೈಲ್ ಅಂಗಡಿಯವರು ನೋಡಿ, “ಇದು ಅಲ್ಲಿನ ಕಂಪನಿಗೆ ಲಾಕ್ ಆಗಿದೆ. ಮೂರೂವರೆ ಸಾವಿರ ಕೊಡಿ, ಮಾಡಿಸಿಕೊಡ್ತೀನಿ. ಗ್ಯಾರಂಟಿ ಮಾತ್ರ ಕೇಳಬೇಡಿ” ಅಂದರು. ಮೂರೂವರೆ ಸಾವಿರ ಅಂದರೆ ಅಮ್ಮಿ ಎಷ್ಟು ಬ್ಲೌಸ್ ಹೊಲಿಯಬೇಕು ಅಂತ ನಾನು ಅಲ್ಲೇ ಲೆಕ್ಕ ಹಾಕಿದೆ. ದುಡ್ಡು ಕೊಡುವ ಮೊದಲು ಈ ಬೀಗ ಏನು ಅಂತ ತಿಳಿದುಕೊಳ್ಳೋಣ ಎಂದು ಫೋನನ್ನು ವಾಪಸ್ ತಂದೆವು.

ಓದಿದಾಗ ಗೊತ್ತಾದದ್ದು ಇಷ್ಟು. ಪ್ರತಿ ಸಿಮ್‌ನೊಳಗೆ ಒಂದು ಉದ್ದದ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶವನ್ನೂ, ಅದರ ನಂತರದ ಅಂಕಿಗಳು ಕಂಪನಿಯನ್ನೂ ತಿಳಿಸುತ್ತವೆ. ಭಾರತದ ಸಿಮ್ 404 ಅಥವಾ 405ರಿಂದ ಶುರುವಾಗುತ್ತದೆ, ಸೌದಿಯದು 420ರಿಂದ. ಲಾಕ್ ಆದ ಫೋನ್ ಈ ಅಂಕಿಗಳನ್ನು ಓದಿ, ತನಗೆ ಹೇಳಿಕೊಟ್ಟ ಕಂಪನಿಯದಲ್ಲದಿದ್ದರೆ ಬಾಗಿಲು ಮುಚ್ಚುತ್ತದೆ. ಫೋನ್ ಕೆಟ್ಟಿರುವುದಿಲ್ಲ. ಕೆಲವು ಫೋನ್‌ಗಳಲ್ಲಿ ಈ ಬೀಗ ತೆಗೆಯಲು ಕಂಪನಿ ಕೊಡುವ ಕೋಡ್ ಒತ್ತಬೇಕು. ಅದನ್ನು ಊಹಿಸಿ ಒತ್ತುತ್ತಾ ಹೋದರೆ ಅವಕಾಶಗಳು ಮುಗಿದು ಫೋನ್ ಶಾಶ್ವತವಾಗಿ ಲಾಕ್ ಆಗಬಹುದು. ಇನ್ನು ಕೆಲವು ಫೋನ್‌ಗಳಲ್ಲಿ ಕೋಡ್ ಇರುವುದಿಲ್ಲ. ಕಂಪನಿ ತನ್ನ ದಾಖಲೆಯಲ್ಲಿ ಬೀಗ ತೆಗೆದರೆ ಇಂಟರ್ನೆಟ್ ಮೂಲಕ ಫೋನಿಗೆ ಆ ಸುದ್ದಿ ತಲುಪುತ್ತದೆ.

ಕಂಪನಿ ಬೀಗ ಯಾಕೆ ಹಾಕುತ್ತದೆ? ಇದು ನಮ್ಮ ಕಾಮರ್ಸ್ ತರಗತಿಯ ಪ್ರಶ್ನೆಯೇ. ಅಲ್ಲಿ ಫೋನನ್ನು ಕಡಿಮೆ ಬೆಲೆಗೆ ಅಥವಾ ಕಂತಿನಲ್ಲಿ ಕೊಡುತ್ತಾರೆ. ತಿಂಗಳ ಬಿಲ್ಲಿನಲ್ಲಿ ಅದನ್ನು ವಸೂಲಿ ಮಾಡುತ್ತಾರೆ. ಗಿರಾಕಿ ಮಧ್ಯದಲ್ಲೇ ಬಿಟ್ಟು ಹೋಗದಿರಲಿ ಅಂತ ಬೀಗ. ನಮ್ಮ ದೇಶದಲ್ಲಿ ಹೆಚ್ಚಿನವರು ಪೂರ್ತಿ ಬೆಲೆ ಕೊಟ್ಟು ಫೋನ್ ಕೊಳ್ಳುವುದರಿಂದ ಈ ತೊಂದರೆ ಕಡಿಮೆ. ಆದರೂ ಇಲ್ಲವೇ ಇಲ್ಲ ಅನ್ನುವಂತಿಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಕೊಟ್ಟ ಸಿಡಿಎಂಎ ಫೋನನ್ನು ಬೇರೆ ಕಂಪನಿಗೆ ಬಳಸಲು ಆಗುತ್ತಿರಲಿಲ್ಲ. 2017ರಲ್ಲಿ 1500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್‌ನಲ್ಲಿ ಜಿಯೋ ಸಿಮ್ ಮಾತ್ರ ನಡೆಯುತ್ತದೆ. ಅಗ್ಗದ ಫೋನಿನ ಬೆಲೆಯ ಒಂದು ಭಾಗವನ್ನು ನಾವು ಆಯ್ಕೆ ಬಿಟ್ಟುಕೊಟ್ಟು ತೀರಿಸುತ್ತೇವೆ. ನಮ್ಮ ಬಿಸಿನೆಸ್ ಸ್ಟಡೀಸ್ ಪಾಠದಲ್ಲಿ ಗ್ರಾಹಕರ ಹಕ್ಕುಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಮಾಹಿತಿ ಪಡೆಯುವ ಹಕ್ಕು ಮತ್ತು ಆಯ್ಕೆಯ ಹಕ್ಕು ಅಕ್ಕಪಕ್ಕ ಇರುವುದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಬೇರೆ ದೇಶದವರು ಇದಕ್ಕಾಗಿ ಜಗಳವನ್ನೇ ಆಡಿದ್ದಾರೆ. ಅಮೆರಿಕದಲ್ಲಿ 2013ರ ಜನವರಿಯಿಂದ, ಕಂಪನಿಯ ಒಪ್ಪಿಗೆ ಇಲ್ಲದೆ ಹೊಸ ಫೋನಿನ ಬೀಗ ತೆಗೆಯುವುದು ಕಾನೂನಿಗೆ ವಿರುದ್ಧವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಸರ್ಕಾರಕ್ಕೆ ಮನವಿಗೆ ಸಹಿ ಹಾಕಿದರು. 2014ರ ಆಗಸ್ಟ್ 1ರಂದು ಅದನ್ನು ಸರಿಪಡಿಸುವ ಕಾನೂನಿಗೆ ಅಧ್ಯಕ್ಷ ಒಬಾಮಾ ಸಹಿ ಮಾಡಿದರು. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಬೀಗ ತೆಗೆಯಲು ಶುಲ್ಕ ಕೇಳುವಂತಿಲ್ಲ. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಕಂಪನಿಗಳು ಲಾಕ್ ಆದ ಫೋನ್ ಮಾರುವಂತಿಲ್ಲ.

ಇಷ್ಟು ತಿಳಿದ ಮೇಲೆ ಕಷ್ಟದ ಭಾಗ ಬಂತು. ಬೀಗ ತೆಗೆಯಿರಿ ಅಂತ ಕಂಪನಿಗೆ ಕೇಳಬೇಕಾದವರು ಫೋನ್ ಕೊಂಡವರು, ಅಂದರೆ ಭಾಯಿ. ಕಂತು ಪೂರ್ತಿ ತೀರಿದ್ದರೆ ಮಾತ್ರ ತೆಗೆಯುತ್ತಾರೆ. ಪ್ರೀತಿಯಿಂದ ಕೊಟ್ಟವರಿಗೆ “ಕಂತು ಕಟ್ಟಿದ್ದೀರಾ?” ಅಂತ ಕೇಳುವುದು ಹೇಗೆ? ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಿದರಂತೆ ಅನ್ನುವ ಹಾಗಾಗುತ್ತದೆ. ಫುಪ್ಪು ಬೇಜಾರು ಮಾಡಿಕೊಂಡರೆ ಅಂತ ಅಬ್ಬಾ ಹಿಂಜರಿದರು. “ಸುಮ್ಮನೆ ಅಂಗಡಿಗೇ ಕೊಟ್ಟುಬಿಡೋಣ” ಅಂದರು.

ಅಮ್ಮಿ ಒಪ್ಪಲಿಲ್ಲ. “ಕಂತು ಬಾಕಿ ಇದ್ದರೆ ಅದು ಇನ್ನೂ ಅವನದ್ದೇ ಅಲ್ಲ, ನಮ್ಮದು ಹೇಗಾಗುತ್ತೆ? ಸಾಲ ತೀರದ ವಸ್ತುವಿನ ಬೀಗ ಒಡೆಸಿ ನಾನು ಇಟ್ಟುಕೊಳ್ಳಲ್ಲ” ಅಂದರು. ಆಮೇಲೆ ತಾವೇ ಕಿಟಕಿಯ ಹತ್ತಿರ ನಿಂತು ಭಾಯಿಗೆ ಫೋನ್ ಮಾಡಿದರು. ಮೊದಲು ಸಲಾಂ, ಮಕ್ಕಳ ಯೋಗಕ್ಷೇಮ, ಮಳೆಯ ಸುದ್ದಿ, ಕೊನೆಗೆ ಈ ವಿಷಯ. ಭಾಯಿ ಒಂದು ಚೂರೂ ಬೇಜಾರಾಗಲಿಲ್ಲ. ಎರಡು ಕಂತು ಬಾಕಿ ಇದ್ದದ್ದೇ ನಿಜ. ಲಾಕ್ ಆಗಿರುವುದು ಅವರ ಗಮನಕ್ಕೇ ಬಂದಿರಲಿಲ್ಲ. ಬಾಕಿ ಕಟ್ಟಿ ಅರ್ಜಿ ಹಾಕಿದರು. ನಾವು *#06# ಒತ್ತಿದಾಗ ಬಂದ 15 ಅಂಕಿಯ ಐಎಂಇಐ ಸಂಖ್ಯೆ ಬರೆದು ಕಳಿಸಿದೆವು. ಕೆಲವು ದಿನ ಕಳೆದು, ಪಕ್ಕದ ಮನೆಯವರ ಹಾಟ್‌ಸ್ಪಾಟ್ ಪಡೆದು ಫೋನ್ ಆನ್ ಮಾಡಿದಾಗ ನಮ್ಮ ಕಿಟಕಿಯ ಸಿಗ್ನಲ್ ಅದರಲ್ಲೂ ಮೂಡಿತು. ಖರ್ಚು ಒಂದು ರೂಪಾಯಿಯೂ ಆಗಲಿಲ್ಲ. ಈಗ ಅಮ್ಮಿಯ ಹೆಸರಿನಲ್ಲಿ ಒಂದು ನಂಬರ್ ಇದೆ. ಆರ್ಡರ್‌ಗಳ ಲೆಕ್ಕವನ್ನು ಅವರೇ ಬರೆಯುತ್ತಾರೆ. ಡೆಬಿಟ್, ಕ್ರೆಡಿಟ್ ಸರಿ ಇದೆಯಾ ಅಂತ ನೋಡುವುದು ಮಾತ್ರ ನನ್ನ ಕೆಲಸ.

ನಮ್ಮ ಕಾಲೇಜಿನಲ್ಲಿ ಬಹಳ ಜನರ ಮಾಮು, ಚಾಚಾ ಹೊರದೇಶದಲ್ಲಿದ್ದಾರೆ. ಅವರಿಂದ ಫೋನ್ ಬರುವುದಿದ್ದರೆ, ಕೊಡುವ ಮೊದಲೇ ಎರಡು ಮಾತು ಕೇಳಿ: ಇದು ಯಾವುದಾದರೂ ಕಂಪನಿಗೆ ಲಾಕ್ ಆಗಿದೆಯಾ? ಕಂತು ತೀರಿದೆಯಾ? ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಿಯೇ ದುಡ್ಡು ಕೊಡಿ. ಜೊತೆಗೆ ಐಎಂಇಐ ಕೂಡ ಪರೀಕ್ಷಿಸಿ. ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, 15 ಅಂಕಿ ಸೇರಿಸಿ 14422ಕ್ಕೆ ಮೆಸೇಜ್ ಮಾಡಿದರೆ ಆ ಫೋನಿನ ವಿವರ ಬರುತ್ತದೆ. ಕದ್ದದ್ದು ಅಂತ ದೂರು ಕೊಟ್ಟು ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಿದ ಫೋನಿನಲ್ಲಿ ಯಾವ ಕಂಪನಿಯ ಸಿಮ್ಮೂ ನಡೆಯುವುದಿಲ್ಲ. ಅದು ಕಂಪನಿ ಲಾಕ್‌ಗಿಂತ ಬೇರೆ ವಿಷಯ, ಅದನ್ನು ಯಾವ ಅಂಗಡಿಯಲ್ಲೂ ಬಿಚ್ಚಿಸಲು ಹೋಗಬೇಡಿ.

ಸಿಮ್ ಬದಲಿಸಿದರೆ ನಂಬರ್ ಹೋಗುತ್ತದೆ ಅನ್ನುವ ಹೆದರಿಕೆಯೂ ಬೇಡ. 2011ರ ಜನವರಿ 20ರಿಂದ ದೇಶದಾದ್ಯಂತ, ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಮಾಡುವುದು ಅದರ ಮೊದಲ ಹೆಜ್ಜೆ.

ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೆ ಅಮ್ಮಿ ಆ ಕರೆ ಮಾಡಿದ ಮೇಲೆ ಭಾಯಿ ನಮ್ಮ ಮನೆಗೆ ಮೊದಲಿಗಿಂತ ಹೆಚ್ಚು ಫೋನ್ ಮಾಡುತ್ತಾರೆ. ಅದೂ ನೇರವಾಗಿ ಅಮ್ಮಿಯ ನಂಬರಿಗೆ.